ತೋಳದ ಸೀಮೆಯಲ್ಲಿ ಒಂದು ದಿನ

ಮಕ್ಕಳೇ, ಭೂಗೋಳದ ಪಾಠದಲ್ಲಿ ‘ಸ್ಟೆಪಿ’ ಎಂಬ ಪದ ಓದಿರುತ್ತೀರಿ. ಮಂಗೋಲಿಯಾ, ಕಜಕಸ್ತಾನದ ಕಡೆ ಮರಗಳಿಲ್ಲದೆ ಹಬ್ಬಿರುವ ಹುಲ್ಲಿನ ಬಯಲು ಅದು. ಅಲ್ಲಿ ಕುದುರೆ ಉಂಟು, ಕುರಿಮಂದೆ ಉಂಟು, ಮಂದೆಯ ಹಿಂದೆ ತೋಳವೂ ಉಂಟು. ಅಷ್ಟು ದೂರ ಹೋಗಲು ನನ್ನ ಮಂಡಿಯೂ ಒಪ್ಪದು, ಪಿಂಚಣಿಯೂ ಒಪ್ಪದು. ಆದರೆ ನದಿ, ಕೆರೆ, ಕಾಡು, ತೋಳದ ಬಯಲು ಎಲ್ಲವನ್ನೂ ಒಂದೇ ದಿನದಲ್ಲಿ ಸುತ್ತಿಬರುವ ಹಾದಿ ನಮ್ಮ ಮಂಡ್ಯ ಜಿಲ್ಲೆಯಲ್ಲೇ ಇದೆ. ಫೆಬ್ರವರಿಯ ಒಂದು ಭಾನುವಾರ ಇಬ್ಬರು ಮೊಮ್ಮಕ್ಕಳು ಮತ್ತು ಅವರ ಅಜ್ಜಿಯೊಂದಿಗೆ ಹೊರಟೆ.

ಮೊದಲು ಶ್ರೀರಂಗಪಟ್ಟಣದ ರಂಗನತಿಟ್ಟು. ಇದನ್ನು ನಿಮ್ಮಲ್ಲಿ ಬಹಳ ಮಂದಿ ನೋಡಿರುತ್ತೀರಿ. ಕಾವೇರಿಗೆ ಒಡ್ಡು ಕಟ್ಟಿದಾಗ ಉಂಟಾದ ನಡುಗಡ್ಡೆಗಳಿವು. ಪಕ್ಷಿತಜ್ಞ ಸಲೀಂ ಅಲಿಯವರ ಮಾತು ಕೇಳಿ ಮೈಸೂರು ಮಹಾರಾಜರು 1940ರಲ್ಲಿ ಪಕ್ಷಿಧಾಮವೆಂದು ಸಾರಿದರು. 2022ರಲ್ಲಿ ಇದು ಜಗತ್ತಿನ ಮುಖ್ಯ ಜೌಗು ನೆಲಗಳ ರಾಮ್‌ಸಾರ್ ಪಟ್ಟಿಗೂ ಸೇರಿತು. ಮರದ ತುಂಬ ಬಣ್ಣದ ಕೊಕ್ಕರೆಗಳು. ದೋಣಿಯಲ್ಲಿ ಕೂತಿದ್ದಾಗ ನಾವು ಬಂಡೆಯೆಂದುಕೊಂಡಿದ್ದು ಬಾಯಿ ತೆರೆಯಿತು. ಮೊಸಳೆ! ಮೊಮ್ಮಗ ಅಜ್ಜಿಯ ಸೆರಗು ಹಿಡಿದವನು ದಡ ಸೇರುವವರೆಗೂ ಬಿಡಲಿಲ್ಲ.

ಪಾಂಡವಪುರ ದಾಟಿ ಕೆರೆ ತೊಣ್ಣೂರಿನ ದೊಡ್ಡ ಕೆರೆಯ ಏರಿಯ ಮೇಲೆ ಬುತ್ತಿ ಬಿಚ್ಚಿದೆವು. ನೀರು ತಿಳಿ, ಗಾಳಿ ತಂಪು. ಅಲ್ಲಿಂದ ಮೇಲುಕೋಟೆ.

ಮೇಲುಕೋಟೆ ಎಂದರೆ ಚೆಲುವನಾರಾಯಣ, ವೈರಮುಡಿ, ಪುಳಿಯೋಗರೆ. ಆದರೆ ಊರಿನ ಸುತ್ತಲ ಗುಡ್ಡಗಳು 1974ರಿಂದ ವನ್ಯಜೀವಿ ಧಾಮ ಎಂಬುದು ಎಷ್ಟು ಜನಕ್ಕೆ ಗೊತ್ತು? ಸುಮಾರು 50 ಚದರ ಕಿಲೋಮೀಟರ್ ನೆಲ. ಹುಲಿಗಾಗಿ ಅಲ್ಲ, ಆನೆಗಾಗಿ ಅಲ್ಲ, ಮುಖ್ಯವಾಗಿ ತೋಳಕ್ಕಾಗಿ ಮಾಡಿದ ಧಾಮ. ಡೈನೋಸಾರ್ ಕಾಲದಿಂದ ಉಳಿದುಬಂದ ಕುಲದ ಸೈಕಸ್ ಗಿಡಗಳೂ ಇಲ್ಲಿವೆ. ನೋಡಿದರೆ ತೆಂಗಿಗೂ ಜರಿಗಿಡಕ್ಕೂ ನೆಂಟಸ್ತನವಾದಂತೆ ಕಾಣುತ್ತದೆ.

ಕೆ.ಆರ್. ಪೇಟೆ ಕಡೆಯ ನಾರಾಯಣದುರ್ಗದ ಬುಡದಲ್ಲಿ ಕಾರು ನಿಲ್ಲಿಸಿದೆವು. ಸುತ್ತ ಕಲ್ಲು, ಮುಳ್ಳು, ಒಣಹುಲ್ಲು, ಹಳದಿ ಹೂವಿನ ತಂಗಡಿ. “ಇದೇನು ತಾತ, ಕಾಡೇ ಇಲ್ಲವಲ್ಲ!” ಎಂದಳು ಮೊಮ್ಮಗಳು. ದಟ್ಟ ಕಾಡು ತೋಳಕ್ಕೆ ಒಗ್ಗುವುದಿಲ್ಲ. ದೂರಕ್ಕೆ ಕಣ್ಣು ಹಾಯುವ, ಮೊಲ ಓಡಾಡುವ, ಮರಿ ಹಾಕಲು ಬಿಲವೋ ಕಲ್ಲಿನ ಸಂದೋ ಸಿಗುವ ಇಂಥ ಬಯಲೇ ಅದರ ಮನೆ. ನಾವು ಇದನ್ನು ‘ಬೀಳು’ ಎನ್ನುತ್ತೇವೆ. ಬೀಳು ಎಂದ ಕೂಡಲೇ ಯಾರಾದರೂ ಕಲ್ಲು ಒಡೆಯಲೋ ನಿವೇಶನ ಮಾಡಲೋ ಹವಣಿಸುತ್ತಾರೆ. ಆ ಪದವೇ ನನಗೆ ಸರಿಬರುವುದಿಲ್ಲ.

ಅಷ್ಟರಲ್ಲಿ ಹೆಗಲ ಮೇಲೆ ಕಂಬಳಿ ಹಾಕಿದ ಕುರಿಗಾಹಿಯೊಬ್ಬರು ಮಂದೆಯೊಂದಿಗೆ ಬಂದರು. ಮೊಮ್ಮಗಳು ನೇರವಾಗಿ ಕೇಳಿಯೇಬಿಟ್ಟಳು: “ತೋಳ ನೋಡಿದ್ದೀರಾ?”

“ನೋಡ್ದೆ ಏನವ್ವ! ಹೋದ ತಿಂಗ್ಳು ಒಂದು ಮರಿ ಎತ್ಕೊಂಡು ಹೋಯ್ತು. ಪರಿಹಾರ ಕೊಡ್ತಾರೆ, ಇಲ್ಲ ಅನ್ನಲ್ಲ. ಆದ್ರೆ ಮರೀನೇ ಹೊತ್ಕೊಂಡು ಹೋದ್ರೆ ನಾ ಏನು ತೋರಿಸ್ಲಿ?”

“ಹಾಗಾದರೆ ಅದನ್ನು ಹೊಡೆಯಬೇಕು ಅನ್ನಿಸುವುದಿಲ್ಲವಾ?”

ಅವರು ಸ್ವಲ್ಪ ಹೊತ್ತು ಮಂದೆ ನೋಡಿದರು. “ಸಿಟ್ಟು ಬತ್ತದೆ ಕಣವ್ವ. ನಮ್ಮ ಹೊಟ್ಟೆಪಾಡು ನೋಡು. ಆದ್ರೆ ನಮ್ಮಪ್ಪನ ಕಾಲದಾಗೂ ಹಿಂಗೇ. ಅದ್ಕೂ ಮರಿ ಅವೆ. ರಾತ್ರಿ ಮುಳ್ಳಿನ ರೊಪ್ಪ ಭದ್ರ ಮಾಡ್ಬೇಕು, ಒಳ್ಳೆ ನಾಯಿ ಸಾಕ್ಬೇಕು, ಅಷ್ಟೇಯ.”

ಮರಿ ಕಳೆದುಕೊಂಡವರ ಬಾಯಲ್ಲಿ ಈ ಮಾತು! ತೋಳವನ್ನು ಕೊಲ್ಲುವುದು ಕಾನೂನಿಗೆ ವಿರುದ್ಧ ಎಂದು ನಾನು ಮೊಮ್ಮಗಳಿಗೆ ಹೇಳಬೇಕೆಂದಿದ್ದೆ. ಹೇಳುವ ಅಗತ್ಯ ಬೀಳಲಿಲ್ಲ.

ತೋಳ ನಮಗೆ ಕಾಣಲಿಲ್ಲ. ಮರಳಿನ ಮೇಲಿದ್ದ ಒಂದು ಹೆಜ್ಜೆಯನ್ನು ಕುರಿಗಾಹಿ ಕೋಲಿನಿಂದ ತೋರಿಸಿದರು. ನಾಯಿಯದೂ ಇದ್ದೀತು ಎಂದೆ. “ನಮ್ಮ ನಾಯಿ ಇಲ್ಲೇ ಅದೆ” ಎಂದು ನಕ್ಕರು.

ಹಿಂತಿರುಗುವಾಗ ನಾಗಮಂಗಲದ ಹಾದಿ. ಆ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ 1981ರಲ್ಲಿ ಆದ ನವಿಲು ಧಾಮವಿದೆ. ಬೆಟ್ಟ ತಲುಪುವಾಗ ಹೊತ್ತು ಇಳಿದಿತ್ತು. ಕಲ್ಲಿನ ಮೇಲಿಂದ ನಾಲ್ಕಾರು ನವಿಲು ಕೂಗಿದವು, ಮೊಮ್ಮಗ ತಾನೂ ಕೂಗಿದ. ನವಿಲಿಗೆ ಎಲ್ಲರೂ ನೆಂಟರೇ.

ಕತ್ತಲಾದ ಮೇಲೆ ಕಾರಿನಲ್ಲಿ ಎಂದಿನಂತೆ ಕಥೆಗೆ ಬೇಡಿಕೆ ಬಂತು. ಅಜ್ಜಿ ‘ತೋಳ ಬಂತು ತೋಳ’ ಶುರುಮಾಡಿದಳು. ಸುಳ್ಳು ಹೇಳುವ ಹುಡುಗ, ಓಡಿಬರುವ ಊರ ಜನ, ಕೊನೆಗೆ ನಿಜವಾಗಿ ಬಂದ ತೋಳ. ಮೊಮ್ಮಗಳು ನಡುವೆ ಬಾಯಿ ಹಾಕಿದಳು: “ಅಜ್ಜಿ, ಆ ತೋಳಕ್ಕೆ ಎಷ್ಟು ಮರಿ ಇದ್ದವು?”

ಅಜ್ಜಿ ನನ್ನ ಮುಖ ನೋಡಿದಳು. ನಾನು ಕಿಟಕಿಯ ಆಚೆ ನೋಡಿದೆ.