ಅಬ್ಬಾನ ಬಾಕಿ ಕೂಲಿ

2024ರ ರಂಜಾನ್ ಹಬ್ಬ ಮುಗಿದು ಎರಡು ತಿಂಗಳಾದ ಮೇಲೂ ಆ ಚೀಲ ನಮ್ಮ ಬೀದಿಯಲ್ಲಿ ಓಡಾಡುತ್ತಲೇ ಇತ್ತು. ಹಸಿರು ಬಣ್ಣದ, ಗಟ್ಟಿ ಹಿಡಿಕೆಯ ಚೀಲ. ಒಂದು ಬದಿಯಲ್ಲಿ ಚಂದ್ರ, ಮಿನಾರು, 'ರಂಜಾನ್ ಕಿಟ್' ಎಂಬ ಅಕ್ಷರ. ಇನ್ನೊಂದು ಬದಿಯಲ್ಲಿ ದಾನಿಯ ಹೆಸರು ಮತ್ತು ಫೋಟೊ. ಅದರೊಳಗಿದ್ದ ಅಕ್ಕಿ, ಬೇಳೆ, ಎಣ್ಣೆ, ಶಾವಿಗೆ ಎಲ್ಲ ಹದಿನೈದು ದಿನದಲ್ಲಿ ಖರ್ಚಾಗಿ ಹೋಗಿದ್ದವು. ಚೀಲ ಮಾತ್ರ ಸವೆಯಲಿಲ್ಲ. ಜೂನ್‌ನಲ್ಲಿ ಶಾಲೆ ಶುರುವಾದಾಗ ಹುಡುಗಿಯೊಬ್ಬಳು ಅದರಲ್ಲೇ ಪುಸ್ತಕ ತುಂಬಿಕೊಂಡು ಹೋಗುವುದನ್ನು ಕಂಡೆ. ಚೀಲದ ಒಳಮಗ್ಗುಲನ್ನು ಹೊರಗೆ ಮಾಡಿ ತಿರುಗಿಸಿದ್ದಳು. ಆದರೂ ಬಿಸಿಲು ಬಿದ್ದಾಗ ದಾನಿಯ ಮುಖ ಒಳಗಿನಿಂದ ಮಸುಕಾಗಿ ಕಾಣುತ್ತಿತ್ತು.

ಆ ಚೀಲಗಳನ್ನು ಹಂಚಿದ ಪಟ್ಟಿಯನ್ನು ಬರೆದವನು ನಾನೇ.

ನಮ್ಮದು ತಿಪಟೂರು, ತುರುವೇಕೆರೆ ಸೀಮೆಯ ಒಂದು ಸಣ್ಣ ಊರಿನ ಜಮಾಅತ್. ಹೆಸರು ಬೇಡ. ಮಸೀದಿಗೆ ಅಂಟಿಕೊಂಡ ಒಂದು ಕೋಣೆ, ಒಂದು ಬೀರು, ಅದರಲ್ಲಿ ರಸೀದಿ ಪುಸ್ತಕ, ಇಷ್ಟೇ ನಮ್ಮ ಬೈತುಲ್ ಮಾಲ್. ಉರ್ದು ಮತ್ತು ಕನ್ನಡ ಎರಡೂ ಬರೆಯಲು ಬರುತ್ತದೆಂಬ ಕಾರಣಕ್ಕೆ ಪ್ರತಿ ವರ್ಷ ಶಾಬಾನ್ ತಿಂಗಳ ಕೊನೆಗೆ ನನ್ನನ್ನು ಕರೆಯುತ್ತಾರೆ. ಕಥೆ ಬರೆಯುವವನಿಗೆ ಊರಲ್ಲಿ ಬೇರೆ ಯಾವ ಉಪಯೋಗವೂ ಇಲ್ಲವೆಂದು ಅವರಿಗೆ ಅನ್ನಿಸಿದ್ದರೆ ಅದರಲ್ಲಿ ತಪ್ಪೇನಿಲ್ಲ.

ಪಟ್ಟಿ ಬರೆಯುವುದು ಸುಲಭದ ಕೆಲಸವೆಂದು ನಾನೂ ತಿಳಿದಿದ್ದೆ. ಮೊದಲು ಹಣದ ಲೆಕ್ಕವನ್ನೇ ಬೇರೆ ಬೇರೆ ಮಾಡಬೇಕು. ಜಕಾತ್ ಬೇರೆ, ಫಿತ್ರಾ ಬೇರೆ, ಸದಕಾ ಬೇರೆ. ಐವತ್ತೆರಡೂವರೆ ತೊಲ ಬೆಳ್ಳಿಯ ಬೆಲೆಯಷ್ಟು ಉಳಿತಾಯ ಒಂದು ವರ್ಷ ಇದ್ದವರು ನೂರಕ್ಕೆ ಎರಡೂವರೆಯಂತೆ ಜಕಾತ್ ತೆಗೆಯಬೇಕು. ವ್ಯಾಪಾರಿಯಾದರೆ ಅಂಗಡಿಯಲ್ಲಿರುವ ಸರಕನ್ನೂ ಆ ದಿನದ ಮಾರುಕಟ್ಟೆ ಬೆಲೆಗೆ ಲೆಕ್ಕ ಹಿಡಿಯಬೇಕು. ಫಿತ್ರಾ ತಲೆಗೆ ಇಷ್ಟೆಂದು. ಹಬ್ಬದ ಹಿಂದಿನ ರಾತ್ರಿ ಹುಟ್ಟಿದ ಕೂಸಿನ ಲೆಕ್ಕವೂ ಅದರಲ್ಲಿ ಸೇರುತ್ತದೆ. ಗೋಧಿಯ ಲೆಕ್ಕದಲ್ಲಿ ಒಬ್ಬರಿಗೆ ಸುಮಾರು ಒಂದೂಮುಕ್ಕಾಲು ಕಿಲೊ, ಅಥವಾ ಅದರ ಹಣ. ಈದ್ ನಮಾಜಿಗೆ ಮೊದಲು ತಲುಪಿಸಬೇಕೆಂಬ ನಿಯಮವನ್ನು ನಮ್ಮವರು ಅಕ್ಷರಶಃ ಪಾಲಿಸುತ್ತಾರೆ, ಅಂದರೆ ಈದ್ಗಾಕ್ಕೆ ಹೊರಟಾಗ ದಾರಿಯಲ್ಲಿ ಕೊಡುತ್ತಾರೆ. ಆ ಹೊತ್ತಿಗೆ ಅಂಗಡಿಗಳೂ ಮುಚ್ಚಿರುತ್ತವೆ. ಹತ್ತು ದಿನ ಮೊದಲೇ ಕೊಡಿ, ಮಕ್ಕಳ ಬಟ್ಟೆಯಾದರೂ ಹೊಲಿಸಿಕೊಳ್ಳಲಿ ಎಂದು ಪ್ರತಿ ಶುಕ್ರವಾರ ಇಮಾಮರು ಹೇಳಿ ಹೇಳಿ ಸೋತಿದ್ದಾರೆ. ಇಪ್ಪತ್ತನೇ ರೋಜಾ ಕಳೆದ ಮೇಲೆ ಯಾವ ದರ್ಜಿಯೂ ಬಟ್ಟೆ ಹಿಡಿಯುವುದಿಲ್ಲ.

ಆಮೇಲೆ ಬರುವುದು ಮನೆಗಳ ಲೆಕ್ಕ. ನಮ್ಮ ಕಡೆ ಬಡವರು ಯಾರೆಂಬುದನ್ನು ತೆಂಗಿನಕಾಯಿಯೇ ತೀರ್ಮಾನಿಸುತ್ತದೆ. ಕಾಯಿ ಕೆಡವಿ ಅಟ್ಟಕ್ಕೆ ಹಾಕಿದರೆ ಹತ್ತು ಹನ್ನೊಂದು ತಿಂಗಳು ಅಲ್ಲೇ ಒಣಗಿ ಉಂಡೆ ಕೊಬ್ಬರಿಯಾಗಬೇಕು. ಆಮೇಲೆ ಮಟ್ಟೆ ಸುಲಿದು, ಚಿಪ್ಪು ಒಡೆದು, ಕೌಟು ಬೇರೆ ಮಾಡಿ ತಿಪಟೂರಿನ ಮಾರುಕಟ್ಟೆಗೆ ಹೋಗಬೇಕು. ಈ ಸುಲಿಯುವ, ಒಡೆಯುವ, ಹೊರುವ ಕೆಲಸದಲ್ಲಿ ನಮ್ಮ ಮನೆಗಳವರು ಬಹಳ ಮಂದಿ. ಅವರಿಗೆ ಕೂಲಿ ಸಾವಿರ ಕಾಯಿಗೆ ಇಷ್ಟೆಂದು, ಕೊಬ್ಬರಿಯ ಬೆಲೆಗೂ ಅದಕ್ಕೂ ನಂಟಿಲ್ಲ. 2023ರಲ್ಲಿ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ ಇದ್ದಾಗ ಮಾರುಕಟ್ಟೆಯಲ್ಲಿ ಎಂಟು ಸಾವಿರದ ಆಸುಪಾಸಿಗೆ ಇಳಿದಿತ್ತು. ರೈತರು ರಸ್ತೆಗಿಳಿದರು, ವ್ಯಾಪಾರಿಗಳ ಜಕಾತೂ ಸೊರಗಿತು. 2025ರ ಮಧ್ಯದ ಹೊತ್ತಿಗೆ ಅದೇ ಕೊಬ್ಬರಿ ಇಪ್ಪತ್ತು ಸಾವಿರ ದಾಟಿತು. ದಾಟಿದ್ದು ಯಾಕೆಂದರೆ ಮರದಲ್ಲಿ ಕಾಯಿಯೇ ಇರಲಿಲ್ಲ. ಇದ್ದದ್ದೂ ಎಳನೀರಾಗಿ ಲಾರಿ ಹತ್ತಿ ಹೋಯಿತು. ಕಾಯಿ ಇಲ್ಲದ ಮೇಲೆ ಸುಲಿಯುವವನಿಗೆ ಕೆಲಸವೆಲ್ಲಿ? ಬೆಲೆ ಬಿದ್ದರೆ ಕೊಡುವವರಿಗೆ ಕಷ್ಟ, ಏರಿದರೆ ತೆಗೆದುಕೊಳ್ಳುವವರು ಹೆಚ್ಚು. ನೂರಕ್ಕೆ ಹತ್ತಿರವಿದ್ದ ನಮ್ಮ ಪಟ್ಟಿ ಚಿಕ್ಕದಾದ ವರ್ಷವನ್ನು ನಾನು ಕಂಡಿಲ್ಲ.

ಇಷ್ಟೆಲ್ಲ ಬರೆದ ನನಗೆ ಪಟ್ಟಿಯೆಂದರೇನೆಂದು ತಿಳಿದದ್ದು ಹಳೆಯ ರಿಜಿಸ್ಟರೊಂದು ಕೈಗೆ ಸಿಕ್ಕಾಗ. ಆ ಹಸಿರು ಚೀಲದ ವರ್ಷವೇ ಮಳೆಗಾಲದಲ್ಲಿ ಕಮಿಟಿಯ ಕೋಣೆ ಸೋರಿತು. ಬೀರು ಸರಿಸುವಾಗ ಕೆಂಪು ಬಟ್ಟೆಯಲ್ಲಿ ಸುತ್ತಿಟ್ಟ ಏಳೆಂಟು ಉರ್ದು ರಿಜಿಸ್ಟರುಗಳು ಹೊರಬಂದವು. ಈಗಿನ ಹುಡುಗರಿಗೆ ಆ ಮೋಡಿ ಓದಲು ಬರುವುದಿಲ್ಲ. ಏನಿದೆ ನೋಡಿ ಹೇಳಿ ಎಂದು ನನಗೆ ಕೊಟ್ಟರು. 1988ರ ರಂಜಾನಿನ ಹಾಳೆಯಲ್ಲಿ ಒಂದು ಸಾಲಿತ್ತು: ಸಂಪಿಗೆ, ಬೇವಾ, ಬಚ್ಚೆ ತೀನ್. ಮುಂದೆ ಅಕ್ಕಿ, ಗೋಧಿ, ಸಕ್ಕರೆಯ ತೂಕ, ನಗದು ಮೂವತ್ತು ರೂಪಾಯಿ. ಅದರ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ: ಮಜ್ದೂರಿ ಕೆ ನಾಮ್ ಸೆ.

ಹೆಸರಿರಲಿಲ್ಲ. ಆದರೆ ಸಂಪಿಗೆಯಲ್ಲಿ ಆಗ ಮೂರು ಮಕ್ಕಳಿದ್ದ ಸಾಬರ ವಿಧವೆ ಒಬ್ಬಳೇ ಇದ್ದದ್ದು. ನನ್ನ ಅಮ್ಮಿ.

ಅಬ್ಬಾ ಕಾಯಿ ಸುಲಿಯುತ್ತಿದ್ದರು. 1987ರ ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡಾಗ ನನಗೆ ಎಂಟು ವರ್ಷ. ಸಂಪಿಗೆಯಲ್ಲಿ ನಮ್ಮವರದು ನಾಲ್ಕಾರು ಮನೆ. ಶ್ರೀನಿವಾಸ ದೇವರ ತೇರಿನ ದಿನ ಊರೆಲ್ಲ ಹೊಸ ಬಟ್ಟೆ ಹಾಕುವಾಗ ನಾವೂ ಹಾಕುತ್ತಿದ್ದೆವು. ಅಬ್ಬಾ ಹೋದ ವರ್ಷ ಅದೂ ಇಲ್ಲ. ಮರುವರ್ಷ ರಂಜಾನ್ ಬಂದದ್ದು ಏಪ್ರಿಲ್ ಮೇ ತಿಂಗಳ ಬಿರುಬಿಸಿಲಿನಲ್ಲಿ. ಹದಿನೈದನೆಯದೋ ಹದಿನಾರನೆಯದೋ ರೋಜಾದ ಸಂಜೆ, ತಿಪಟೂರಿನ ಕಡೆಯಿಂದ ಬರುವ ಪ್ಯಾಸೆಂಜರ್ ರೈಲಿಗೆ ಸಂಪಿಗೆ ರೋಡ್ ಸ್ಟೇಷನ್ನಿನಲ್ಲಿ ಇಳಿದು, ಯಾರದೋ ಸೈಕಲ್ಲಿನ ಮೇಲೆ ಕೊಬ್ಬರಿ ತುಂಬುವ ಗೋಣಿಚೀಲ ಹೇರಿಕೊಂಡು, ಮುನ್ಷಿ ಚಾಚಾ ಬಂದರು. ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ ಬಡಕಲು ಮನುಷ್ಯ. ಬಾಗಿಲಲ್ಲೇ ನಿಂತು ಒಳಗಿದ್ದ ಅಮ್ಮಿಗೆ ಕೇಳುವಂತೆ ನನ್ನೊಡನೆ ಹೇಳಿದರು: "ತುಮ್ಹಾರೆ ಅಬ್ಬಾ ಕಾ ಹಿಸಾಬ್ ಬಾಕಿ ಥಾ, ಬೇಟಾ." ನಿಮ್ಮಪ್ಪನ ಕೂಲಿ ಬಾಕಿ ಉಳಿದಿತ್ತು, ಕೊಡೋಕೆ ಬಂದೆ.

ಪಕ್ಕದ ಮನೆಯ ಗೌಡ್ತಿ ಕೇಳಿಸಿಕೊಂಡರು. ಎದುರಿನವರೂ ಕೇಳಿಸಿಕೊಂಡರು. ಸತ್ತವನ ಕೂಲಿಯನ್ನು ಹುಡುಕಿಕೊಂಡು ಬಂದು ಕೊಡುವ ಮಂಡಿಯವರ ಪ್ರಾಮಾಣಿಕತೆಯನ್ನು ಊರು ಹೊಗಳಿತು. ನಾನಂತೂ ಶಾಲೆಯಲ್ಲಿ ಹೇಳಿಕೊಂಡು ತಿರುಗಿದೆ. ನಮ್ಮಪ್ಪ ಎಷ್ಟೊಂದು ಕಾಯಿ ಸುಲಿದಿದ್ದರು ಗೊತ್ತಾ, ಇನ್ನೂ ದುಡ್ಡು ಬರುತ್ತಲೇ ಇದೆ! ಆ ಬಾಕಿ ಮುಂದಿನ ರಂಜಾನಿಗೂ ಬಂತು, ಅದರ ಮುಂದಿನದಕ್ಕೂ ಬಂತು. ಅಣ್ಣ ಸೈಕಲ್ ಅಂಗಡಿಗೆ ಸೇರಿ ಸಂಬಳ ತರಲು ಶುರುಮಾಡಿದ 1995ರವರೆಗೂ ಬಂತು. ಎಂಟು ವರ್ಷ ತೀರದ ಕೂಲಿ ಯಾವುದೆಂದು ನಾನು ಒಮ್ಮೆಯೂ ಯೋಚಿಸಲಿಲ್ಲ. ಮುಂದೆ ತಿಪಟೂರಿನಲ್ಲಿ ಉರ್ದು ಕಲಿತು, ಕಥೆ ಬರೆಯುವವನಾಗಿ, ಅಬ್ಬಾನ ಬೆವರಿನ ಬಗ್ಗೆ ಏನೇನೋ ಬರೆದೆ. ಆಗಲೂ ಹೊಳೆಯಲಿಲ್ಲ.

ರಿಜಿಸ್ಟರಿನ ಸಾಲನ್ನು ಅಮ್ಮಿಗೆ ಓದಿ ಹೇಳಿದೆ. ಎಲೆಅಡಿಕೆ ಕುಟ್ಟುತ್ತಿದ್ದವರು ಕುಟ್ಟುವುದನ್ನು ನಿಲ್ಲಿಸಲಿಲ್ಲ.

"ಗೊತ್ತಿತ್ತು. ನಿಮ್ಮಪ್ಪ ಕೂಲಿ ಬಾಕಿ ಬಿಡುವವರೇ ಅಲ್ಲ. ದಿನದ್ದು ದಿನವೇ ತರುತ್ತಿದ್ದರು."

"ಮತ್ತೆ ಯಾಕೆ ಹೇಳಲಿಲ್ಲ?"

"ಪಾಪ, ರೋಜಾ ಇಟ್ಟುಕೊಂಡು ಅಷ್ಟು ದೂರ ಬಂದು ಸುಳ್ಳು ಹೇಳುತ್ತಿದ್ದರು. ನಂಬದಿದ್ದರೆ ಅವರಿಗೆ ಎಷ್ಟು ಬೇಜಾರಾಗುತ್ತಿತ್ತು."

ಅಂದು ರಾತ್ರಿ ನನಗೆ ನಿದ್ರೆ ಬರಲಿಲ್ಲ. ಅಲ್ ಬಕರಾ ಅಧ್ಯಾಯದ 273ನೇ ವಚನದಲ್ಲಿ, ಕೈಚಾಚದ ಬಡವರ ಮಾತು ಬರುತ್ತದೆ. ಅವರ ಸಂಕೋಚ ನೋಡಿ ತಿಳಿಯದವರು ಅವರನ್ನು ಉಳ್ಳವರೆಂದೇ ಭಾವಿಸುತ್ತಾರೆ ಎಂಬ ಅರ್ಥ ಅದಕ್ಕೆ. ಆ ವಚನದ ಮೇಲೆ ನಾನೇ ಒಮ್ಮೆ ಲೇಖನ ಬರೆದಿದ್ದೆ. ಹಾಗೆ ಬರೆದವನೇ ಅದೇ ಏಪ್ರಿಲ್‌ನಲ್ಲಿ ಮಸೀದಿಯ ಅಂಗಳದಲ್ಲಿ ಮೇಜು ಹಾಕಿ ಕುಳಿತು, ಒಬ್ಬೊಬ್ಬರ ಹೆಸರು ಕರೆದು, ಆಧಾರ್ ಪ್ರತಿ ನೋಡಿ, ಚೀಲ ಕೊಡುವಾಗ ಫೋಟೊಗೆ ನಿಲ್ಲಿಸಿದ್ದೆ. ಒಬ್ಬ ಹೆಂಗಸು ಕ್ಯಾಮೆರಾ ಕಂಡು ನಕಾಬ್ ಇಳಿಸಿಕೊಂಡಾಗ, "ಮುಖ ಕಾಣಬೇಕಮ್ಮ, ದಾನಿಗಳಿಗೆ ಕಳಿಸಬೇಕು" ಎಂದು ಯಾರೋ ಕೂಗಿದ್ದರು. ಆಕೆ ಚೀಲ ಮೇಜಿನ ಮೇಲೆಯೇ ಬಿಟ್ಟು ಹೋದರು. ನಾನು ಆ ಹೆಸರಿನ ಮುಂದೆ 'ಗೈರು' ಎಂದು ಬರೆದೆ. ಹಜ್ರತ್ ಉಮರ್ ರಾತ್ರಿ ಹಿಟ್ಟಿನ ಮೂಟೆ ಹೊತ್ತು ಹೋದ ಕಥೆಯನ್ನು ಪ್ರತಿ ರಂಜಾನಿನಲ್ಲಿ ಕೇಳುತ್ತೇವೆ. ಆ ಮೂಟೆಯ ಮೇಲೆ ಹೆಸರು ಅಚ್ಚಾಗಿರಲಿಲ್ಲ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಮುಂದಿನ ರಂಜಾನಿಗೆ ಮೊದಲು, 2025ರ ಫೆಬ್ರವರಿಯಲ್ಲಿ ಸಭೆ ಸೇರಿದಾಗ ರಿಜಿಸ್ಟರನ್ನು ಎದುರಿಗಿಟ್ಟು ಈ ಕಥೆ ಹೇಳಿದೆ. ಚೀಲ ಬೇಡ, ಫೋಟೊ ಬೇಡ, ಮನೆಮನೆಗೆ ರಾತ್ರಿ ತಲುಪಿಸೋಣ ಎಂದೆ. ಹಿರಿಯರ ಕಣ್ಣು ಒದ್ದೆಯಾದವು. ನಮ್ಮ ಕಾರ್ಯದರ್ಶಿ ಮೂವತ್ತರ ಹುಡುಗ. ಅವನ ಕಣ್ಣು ಒದ್ದೆಯಾಗಲಿಲ್ಲ.

"ಭಾಯಿಜಾನ್, ಕಥೆ ಚೆನ್ನಾಗಿದೆ" ಎಂದ. "ನಿಮ್ಮ ಮುನ್ಷಿ ಚಾಚಾಗೆ ಸಂಪಿಗೆಯ ಮನೆ ಗೊತ್ತಿತ್ತು, ನಿಮಗೆ ಬಂತು. ಗೊತ್ತಿಲ್ಲದ ಮನೆಗಳ ಕಥೆ ಏನು? ಹಳೇ ಪುಸ್ತಕದಲ್ಲಿ ಎಷ್ಟು ಮನೆ ಇವೆ, ಎಣಿಸಿದ್ದೀರಾ?"

ಎಣಿಸಿದ್ದೆ. ಇಪ್ಪತ್ತಮೂರು. ಹೆಚ್ಚಿನವು ಕಮಿಟಿಯವರ ಪರಿಚಯದವೇ. ಅವನ ಮಾತು ಅಲ್ಲಿಗೆ ನಿಲ್ಲಲಿಲ್ಲ. 2020ರ ಲಾಕ್‌ಡೌನಿನಲ್ಲಿ, ಈದ್ ನಮಾಜನ್ನೂ ಮನೆಯಲ್ಲೇ ಮಾಡಿದ ಆ ವರ್ಷ, ಹಬ್ಬದ ಬಟ್ಟೆಯ ಹಣವನ್ನು ಜನ ಪಡಿತರಕ್ಕೆ ಕೊಟ್ಟಾಗ ಕೆಲವರು ಮೂರು ಕಡೆ ಕಿಟ್ ಪಡೆದರು, ಕೆಲವರಿಗೆ ಒಂದೂ ಸಿಗಲಿಲ್ಲ. ಅದಕ್ಕೇ ಆಧಾರ್ ಕೇಳಲು ಶುರುಮಾಡಿದ್ದು. ಬೆಂಗಳೂರಿನಿಂದ, ದುಬೈಯಿಂದ ಹಣ ಕಳಿಸುವವರು ಲೆಕ್ಕ ಕೇಳುತ್ತಾರೆ, ಕೇಳಬೇಡಿ ಎನ್ನಲು ಆಗುತ್ತದೆಯೇ? ಲೆಕ್ಕ ತೋರಿಸದ ಕಮಿಟಿಗಳ ಕಥೆ ಎಲ್ಲರಿಗೂ ಗೊತ್ತು. ಇನ್ನೊಂದು ಮಾತು ಅವನು ಎತ್ತಿದ್ದು ನನ್ನನ್ನು ನಾಚಿಸಿತು. ನಾರಿನ ಕಾರ್ಖಾನೆಯಲ್ಲಿ ನಮ್ಮ ಹೆಂಗಸರ ಜೊತೆ ಧೂಳು ಕುಡಿಯುವ ದಲಿತ ವಿಧವೆಯೊಬ್ಬರ ಹೆಸರನ್ನು ಹಿಂದಿನ ವರ್ಷ ಪಟ್ಟಿಗೆ ಸೇರಿಸಿದವನು ಅವನೇ. ಜಕಾತಿನಿಂದ ಕೊಡಲಾಗದು ಎಂದು ಹಿರಿಯರು ತಕರಾರು ತೆಗೆದಾಗ, ಸದಕಾ ಇದೆಯಲ್ಲ, ಫಿತ್ರಾವನ್ನೂ ಕೊಡಬಹುದೆಂದು ಇಮಾಮ್ ಅಬೂ ಹನೀಫಾ ಹೇಳಿದ್ದಾರೆ ಎಂದು ಮೌಲಾನಾರನ್ನೇ ಕರೆತಂದು ಹೇಳಿಸಿದ್ದ. ಹಳೆಯ ಕೆಂಪು ಬಟ್ಟೆಯ ರಿಜಿಸ್ಟರಿನಲ್ಲಿ ಅಂಥ ಹೆಸರು ಒಂದೂ ಇರಲಿಲ್ಲ.

ಜಗಳ ಮೂರು ರಾತ್ರಿ, ಇಶಾ ನಮಾಜಿನ ನಂತರ, ನಡೆಯಿತು. ಕೊನೆಗೆ ಒಪ್ಪಂದಕ್ಕೆ ಬಂದೆವು. ಹೆಸರು, ಸಹಿ ರಿಜಿಸ್ಟರಿನಲ್ಲಿ ಇರಲಿ, ಅದನ್ನು ಮೂವರು ಮಾತ್ರ ನೋಡಲಿ. ದಾನಿಗಳಿಗೆ ಅಂಗಡಿಯ ಬಿಲ್ಲು ಮತ್ತು ಮನೆಗಳ ಸಂಖ್ಯೆ ಸಾಕು. ಹಸಿರು ಚೀಲದ ದಾನಿ ಫೋಟೊ ಇಲ್ಲದಿದ್ದರೆ ಹಣವಿಲ್ಲ ಎಂದರು, ಮಾತಿನಂತೆ ಕೊಡಲೂ ಇಲ್ಲ. ಎಣ್ಣೆ ಎರಡು ಲೀಟರಿನ ಬದಲು ಒಂದಾಯಿತು, ತುಪ್ಪ ಪಟ್ಟಿಯಿಂದ ಬಿಟ್ಟೇ ಹೋಯಿತು. ಇದಕ್ಕೆ ನಾನೇ ಕಾರಣ ಎಂದು ಕಾರ್ಯದರ್ಶಿ ಈಗಲೂ ನೆನಪಿಸುತ್ತಾನೆ. ತುಪ್ಪವಿಲ್ಲದ ಶೀರ್ ಖುರ್ಮಾ ಉಂಡ ಮನೆಗಳನ್ನು ನೆನೆದರೆ ನನ್ನ ಬಳಿ ಉತ್ತರವಿಲ್ಲ.

ಇಪ್ಪತ್ತನೇ ರೋಜಾಕ್ಕೆ ಮೊದಲು, ಮಂಡಿಯಿಂದ ತಂದ ಹಳೆಯ ಕೊಬ್ಬರಿ ಗೋಣಿಗಳಲ್ಲಿ ಸಾಮಾನು ತುಂಬಿ, ತರಾವೀಹ್ ಮುಗಿದ ಮೇಲೆ ಆಟೊದಲ್ಲಿ ಹೊರಟೆವು. ಗೋಣಿಚೀಲ ಇಳಿಸುವುದು ನಮ್ಮ ಊರಲ್ಲಿ ಯಾರೂ ತಿರುಗಿ ನೋಡುವ ವಿಷಯವಲ್ಲ. 'ಗೈರು' ಎಂದು ಬರೆದಿದ್ದ ಮನೆಗೆ ಕಾರ್ಯದರ್ಶಿ ತಾನೇ ಇಳಿದು ಹೋದ. ಅಲ್ಲಿ ಏನು ಹೇಳಿದೆ ಎಂದು ಕೇಳಿದರೆ, "ಹೋದ ವರ್ಷದ್ದು ಬಾಕಿ ಉಳಿದಿತ್ತು ಅಂದೆ" ಎಂದ. ಸುಳ್ಳೇನಲ್ಲ.

ಮರುದಿನ ಬೆಳಿಗ್ಗೆ ಆ ಮನೆಯ ಹುಡುಗ ಬರಿದಾದ ಗೋಣಿಯನ್ನು ಮಡಚಿ ಹಿಡಿದು ಕಮಿಟಿ ಕೋಣೆಗೆ ಬಂದ. ಮಂಡಿಯ ಚೀಲ ಮಂಡಿಗೆ ವಾಪಸು ಹೋಗಬೇಕು ಎಂದು ಅವನ ತಾಯಿ ಕಳಿಸಿದ್ದರು. ಬರಿಚೀಲ ಕಳಿಸಬಾರದೆಂದು ಒಳಗೆ ಎರಡು ತೆಂಗಿನಕಾಯಿ ಇಟ್ಟಿದ್ದರು. ಕಾಯಿಗೆ ಎಷ್ಟು ಬೆಲೆಯಿದ್ದ ವರ್ಷವೆಂದು ಓದುಗರಿಗೆ ಗೊತ್ತು. ಕಾರ್ಯದರ್ಶಿ ಅವನ್ನು ಕೈಯಲ್ಲಿ ಹಿಡಿದು, ಕುಲುಕಿ ನೀರಿನ ಸದ್ದು ಕೇಳಿ, ಲೆಕ್ಕದ ಪುಸ್ತಕ ತೆರೆದು ನನ್ನನ್ನು ಕೇಳಿದ: "ಇದನ್ನು ಯಾವ ಖಾತೆಗೆ ಬರೆಯಲಿ, ಭಾಯಿಜಾನ್? ಜಕಾತಿಗೋ, ಸದಕಾಕ್ಕೋ?"