ನ್ಯೂ ಮಾರ್ಕೆಟ್ಟಿನ ಬಿಲ್ಲೆ

ಕಲ್ಕತ್ತೆಗೆ ಹೋದವರು ಕಾಳೀಘಾಟವನ್ನೂ ಹೌರಾ ಸೇತುವೆಯನ್ನೂ ನೋಡಿ ಬರುವುದು ವಾಡಿಕೆ. ನನ್ನನ್ನು ಸೆಳೆದದ್ದು 1874ರಲ್ಲಿ ತೆರೆದ ನ್ಯೂ ಮಾರ್ಕೆಟ್ಟು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಈ ನಗರಕ್ಕೆ ಬಂದಿದ್ದ ಅಮೆರಿಕದ ಸೈನಿಕರು ತೋಳಿನ ಬಿಲ್ಲೆಗಳನ್ನು ಇಲ್ಲಿಯ ಜರಿ ಕೆಲಸದವರಿಂದ ಮಾಡಿಸಿಕೊಳ್ಳುತ್ತಿದ್ದರು. ಚೀನಾ-ಬರ್ಮಾ-ಇಂಡಿಯಾ ರಣರಂಗದ ಬಿಲ್ಲೆಯಲ್ಲಿ ಕೆಳಗೆ ಕೆಂಪು-ಬಿಳಿ ಪಟ್ಟೆಗಳು, ಮೇಲೆ ನೀಲಿಯ ನೆಲದಲ್ಲಿ ಚೀನದ ಸೂರ್ಯ, ಭಾರತದ ನಕ್ಷತ್ರ. ಕೈಕೆಲಸವಾದ್ದರಿಂದ ಒಂದರಂತೆ ಇನ್ನೊಂದಿಲ್ಲ; ಸೂರ್ಯ ಸೊಟ್ಟಗಿದ್ದರೆ ಖೋಟಾ ಎನ್ನುವಂತಿಲ್ಲ. ಖೋಟಾ ಮಾಡುವವರಿಗೂ ಅದೇ ಅನುಕೂಲ!

ವೃದ್ಧ ವ್ಯಾಪಾರಿಯೊಬ್ಬರು ಅಂಥದೊಂದನ್ನು ಮುಂದಿಟ್ಟು, “ನಮ್ಮ ಅಬ್ಬಾನ ಕೈಕೆಲಸ, ಸಾಹೇಬರೇ” ಎಂದರು. ಜರಿ ಕಪ್ಪಿಟ್ಟಿತ್ತು, ಆದರೆ ಜರಿಯನ್ನು ಕಪ್ಪಿಡಿಸುವ ಉಪಾಯಗಳುಂಟು. ನೇರಳಾತೀತ ದೀಪ ಹಿಡಿದೆ. ಯುದ್ಧಾನಂತರ ಬಳಕೆ ಹೆಚ್ಚಿದ ಬೆಳಕುಕಾರಕ ರಾಸಾಯನಿಕ ಸೇರಿದ ನೂಲು ಅದರಡಿ ನೀಲಿಯಾಗಿ ಮಿನುಗುತ್ತದೆ. ಹಿಂಬದಿಯ ಅಸ್ತರು ಮಿನುಗಿತು! ವೃದ್ಧರ ಮುಖ ಬಾಡಿತು.

“ಅಸ್ತರು ಅಮ್ಮಿ ಹಾಕಿದ್ದು, ಆಮೇಲೆ” ಎಂದರು.

ಜರಿಯನ್ನು ಹಿಡಿದಿಟ್ಟ ನೂಲು ಕಾಣುವುದು ಬೆನ್ನಿಗೆ. ಬೆನ್ನು ಕಾಣಲು ಅಸ್ತರು ಬಿಚ್ಚಬೇಕು. ಕೇಳಲು ನನಗೆ ನಾಲಗೆ ಏಳಲಿಲ್ಲ. ಅವರೇ ಕತ್ತರಿ ತಂದು ನಾಲ್ಕು ಹೊಲಿಗೆ ಬಿಚ್ಚಿದರು. ಒಳಗೆ ಬಣ್ಣ ಮಾಸದ ಕೆಂಪು ಬಟ್ಟೆ, ಕಂದಿದ ಹತ್ತಿನೂಲು. ದೀಪಕ್ಕೆ ಒಂದೆಳೆಯೂ ಮಿನುಗಲಿಲ್ಲ. ಹಳೆಯ ನೂಲನ್ನೇ ಹುಡುಕಿ ತಂದು ವಂಚಿಸುವವರೂ ಇದ್ದಾರೆ, ಬಲ್ಲೆ. ಆದರೂ ಚೌಕಾಸಿ ಮಾಡದೆ ಕೊಂಡೆ.

ಅವರು ಸೂಜಿ ತೆಗೆದು, ಬಿಚ್ಚಿದ್ದನ್ನು ಮತ್ತೆ ಹೊಲಿದೇ ಕೊಟ್ಟರು.