ಏಳದ ಯಂತ್ರ

ವಿಜಯಪುರ ಜಿಲ್ಲೆಯ ನಮ್ಮೂರಿನಿಂದ ಅಪ್ಪ ಪ್ರತಿ ಭಾನುವಾರ ಫೋನಿನಲ್ಲಿ ತಮ್ಮ ನೆನಪುಗಳನ್ನು ಹೇಳುತ್ತಿದ್ದರು. ಪುಣೆಯ ಮನೆಯಲ್ಲಿ ನಾವು ದಂಪತಿಗಳು ಸರದಿಯಂತೆ ಕುಳಿತು ಅವನ್ನು ಕಂಪ್ಯೂಟರಿಗೆ ಇಳಿಸುತ್ತಿದ್ದೆವು. ಹೊತ್ತಾದರೆ ಯಂತ್ರವನ್ನು ಆರಿಸದೆ ಸ್ಲೀಪ್‌ಗೆ ಕಳುಹಿಸಿ ಏಳುವುದು ವಾಡಿಕೆ. ಬಳಸುತ್ತಿದ್ದುದು, ತಾನಾಗಿ ಏನನ್ನೂ ಉಳಿಸಿಡದ ಹಳೆಯ ನೋಟ್‌ಪ್ಯಾಡ್. ದಿನವಿಡೀ ಕಚೇರಿಯಲ್ಲಿ ಕಡತಗಳ ನಡುವೆಯೇ ಬದುಕುವ ನಮಗೆ ಮನೆಯ ಕಡತವನ್ನು ಉಳಿಸಿಡುವ ಶಿಸ್ತಿರಲಿಲ್ಲವೆಂಬುದು ನಾಚಿಕೆಯ ಸಂಗತಿ.

ಮೊದಲು ಕಾಣಿಸಿಕೊಂಡದ್ದು ಬೇರೆಯೇ ಕಾಯಿಲೆ. ನಡುರಾತ್ರಿ ಯಂತ್ರ ತಾನಾಗಿ ಎದ್ದು ಕೋಣೆಯ ತುಂಬ ಬೆಳಕು ಚೆಲ್ಲುತ್ತಿತ್ತು. ಕಮಾಂಡ್ ಪ್ರಾಂಪ್ಟಿನಲ್ಲಿ ‘ಪವರ್‌ಸಿಎಫ್‌ಜಿ’ ಆದೇಶದೊಡನೆ ‘ಲಾಸ್ಟ್‌ವೇಕ್’ ಎಂದು ಕೊಟ್ಟರೆ ಎಬ್ಬಿಸಿದವರಾರೆಂದು ವಿಂಡೋಸ್ ತಿಳಿಸುತ್ತದೆ. ನಮ್ಮಲ್ಲಿ ಅಪರಾಧಿ ನೆಟ್‌ವರ್ಕ್ ಕಾರ್ಡು. ಡಿವೈಸ್ ಮ್ಯಾನೇಜರಿನಲ್ಲಿ ಅದಕ್ಕಿದ್ದ ಎಬ್ಬಿಸುವ ಅನುಮತಿಯನ್ನು ತೆಗೆದೆವು; ಆ ಉಪದ್ರವ ಮುಗಿಯಿತು.

ಆಮೇಲೊಂದು ಸೋಮವಾರ ಯಂತ್ರ ಏಳಲೇ ಇಲ್ಲ. ಒಳಗೆ ಫ್ಯಾನು ತಿರುಗುತ್ತಿದೆ, ಪರದೆ ಮಾತ್ರ ಕಪ್ಪು. ಹಿಂದಿನ ರಾತ್ರಿ ಅಪ್ಪ 1972ರ ಬರಗಾಲದ ಕಥೆ ಹೇಳಿದ್ದರು: ರಸ್ತೆ ಕಾಮಗಾರಿಯಲ್ಲಿ ಅಜ್ಜಿ ಕಲ್ಲು ಒಡೆದದ್ದು, ಎತ್ತುಗಳನ್ನು ಮಾರಿದ ದಿನ ಅಜ್ಜ ಉಣ್ಣದೆ ಮಲಗಿದ್ದು. ನಾಲ್ಕು ಪುಟ. ಸ್ಲೀಪ್‌ನಲ್ಲಿ ತೆರೆದಿಟ್ಟದ್ದೆಲ್ಲ ರ‍್ಯಾಮಿನಲ್ಲಿರುತ್ತದೆ; ವಿದ್ಯುತ್ತು ತಪ್ಪಿದರೆ ಅಲ್ಲಿ ಏನೂ ಉಳಿಯದು. ಇದು ಗೊತ್ತಿದ್ದೂ, ಕಚೇರಿಗೆ ತಡವಾಯಿತೆಂಬ ಅವಸರದಲ್ಲಿ ಪವರ್ ಗುಂಡಿಯನ್ನು ಒತ್ತಿ ಹಿಡಿದೆವು.

ಪರಿಹಾರ ತಿಳಿದದ್ದು ಸಂಜೆ. ಕ್ಯಾಪ್ಸ್ ಲಾಕ್ ಒತ್ತಿದಾಗ ಕೀಲಿಮಣೆಯ ದೀಪ ಹತ್ತಿ ಆರಿದರೆ, ಯಂತ್ರ ಎದ್ದಿದೆ, ಪರದೆಯಷ್ಟೇ ಎದ್ದಿಲ್ಲ ಎಂದು ತಿಳಿಯಬಹುದು. ಆಗ ವಿಂಡೋಸ್, ಕಂಟ್ರೋಲ್, ಶಿಫ್ಟ್ ಕೀಲಿಗಳೊಡನೆ ‘ಬಿ’ ಒತ್ತಿದರೆ ಗ್ರಾಫಿಕ್ಸ್ ಡ್ರೈವರ್ ಮರುಪ್ರಾರಂಭವಾಗುತ್ತದೆ. ಕೆಲವೊಮ್ಮೆ ಚಿತ್ರ ಮರಳುತ್ತದೆ. ಹೊಸ ಡ್ರೈವರ್ ಹಾಕಿದ ಮೇಲೆ ನಮಗೆ ಆ ತೊಂದರೆ ಮತ್ತೆ ಬರಲಿಲ್ಲ. ಆದರೆ ಆ ಬೆಳಿಗ್ಗೆ ದೀಪ ಹತ್ತುತ್ತಿತ್ತೋ ಇಲ್ಲವೋ, ನಾವು ಒತ್ತಿ ನೋಡಿರಲೇ ಇಲ್ಲ.

ಮುಂದಿನ ಭಾನುವಾರ ಅಳುಕುತ್ತ ಕೇಳಿದೆವು. “ಹ್ವಾದ ವಾರ ಹೇಳೀನಲ್ಲೋ ತಮ್ಮಾ, ಮತ್ತ ಯಾಕ ಕೇಳ್ತಿ?” ನಡೆದದ್ದನ್ನು ತಿಳಿಸಿದೆವು. ಅಪ್ಪ ಬೇಸರಿಸದೆ ಮತ್ತೆ ಹೇಳಿದರು. ಬರ ಬಂತು, ಕಲ್ಲು ಒಡೆದರು, ಮರುವರ್ಷ ಮಳೆಯಾಯಿತು. ಎತ್ತುಗಳ ಮಾತು ಬರಲಿಲ್ಲ. ನೆನಪಿಸಲೆಂದು ನಮ್ಮಲ್ಲೊಬ್ಬರು ಬಾಯಿ ತೆರೆದಾಗ ಇನ್ನೊಬ್ಬರು ಕೈ ಹಿಡಿದು ತಡೆದರು. ಒಟ್ಟು ಒಂದೂವರೆ ಪುಟವಾಯಿತು. ಉಳಿಸಿ, ಯಂತ್ರವನ್ನು ಪೂರ್ತಿ ಆರಿಸಿ ಎದ್ದೆವು.